ಅಟ್ಟ ತುಂಬಿದ ಮೇಲೆ ಕಡಲು ಚೆಂದ

ಗೋಕರ್ಣಕ್ಕೆ ಯಾವಾಗ ಬಂದರೆ ಚೆಂದ? ಘಟ್ಟದ ಮೇಲಿನ ನೆಂಟರು ಕೇಳುತ್ತಾರೆ, ಬೆಂಗಳೂರಿನ ಗೆಳೆಯರು ಕೇಳುತ್ತಾರೆ, ಗೆಳೆಯರ ಗೆಳೆಯರು ನಂಬರು ಹುಡುಕಿ ಫೋನು ಮಾಡಿ ಕೇಳುತ್ತಾರೆ. ಪ್ರಶ್ನೆ ಸಣ್ಣದು, ಉತ್ತರ ಹೇಳುವುದಕ್ಕೆ ಒಂದು ಲೋಟ ಚಹಾ ಸಾಲುವುದಿಲ್ಲ. ಡಿಸೆಂಬರಿನಲ್ಲಿ ಬನ್ನಿ ಎನ್ನೋಣವೇ? ಬೆಳಗಿನ ತಂಪು, ತಿಳಿಯಾದ ನೀರು, ಕುಡ್ಲೆಯ ಗುಡ್ಡದ ಮೇಲೆ ಕೂತರೆ ಸೂರ್ಯ ಮುಳುಗುವ ತನಕ ಏಳುವ ಮನಸ್ಸಾಗದು. ಶಿವರಾತ್ರಿಗೆ ಬನ್ನಿ ಎನ್ನೋಣವೇ? ರಥಬೀದಿಯಲ್ಲಿ ತೇರು ಎಳೆಯುವಾಗ ಊರಿಗೆ ಊರೇ ಅಲ್ಲಿರುತ್ತದೆ. ಆದರೆ ನನ್ನನ್ನು ಕೇಳಿದರೆ ಒಮ್ಮೆಯಾದರೂ ಮೇ ತಿಂಗಳ ಕೊನೆಯ ವಾರ ಬನ್ನಿ ಎನ್ನುತ್ತೇನೆ. ಸೆಕೆ ಅಂದರೆ ಸೆಕೆ, ಮೈಯೆಲ್ಲ ಬೆವರು. ಇರಲಿ, ಬನ್ನಿ. ಕರಾವಳಿಯವರು ಬದುಕನ್ನು ಹೇಗೆ ಸವಿಯುತ್ತಾರೆ ಎಂಬುದು ಗೊತ್ತಾಗುವುದು ಆ ವಾರದಲ್ಲೇ.

ಆಗ ಯಾವುದಾದರೂ ಹಳೆಯ ಮನೆಯೊಳಗೆ ಹೋಗಿ ತಲೆಯೆತ್ತಿ ನೋಡಿ. ಮಾಡಿನ ಪಕಾಸಿಗೆ ಸಾಲಾಗಿ ಮೊಗೆಕಾಯಿ, ಅಂದರೆ ಮಂಗಳೂರು ಸೌತೆ, ತೂಗುತ್ತಿರುತ್ತವೆ. ಒಂದೊಂದಕ್ಕೂ ಒಣಬಾಳೆಯ ಪಟ್ಟೆಯಿಂದ ಪ್ರತ್ಯೇಕ ಕಟ್ಟು. ಒಂದಕ್ಕೊಂದು ತಾಗಬಾರದು, ತಾಗಿದಲ್ಲಿಂದ ಕೊಳೆಯಲು ಶುರು. ಕಾಯಿಗೆ ಗಾಯವಾಗದಂತೆ, ಗಂಟು ಜಾರದಂತೆ ಕಟ್ಟುವುದು ಎಲ್ಲರ ಕೈಗೂ ಬರುವ ಕೆಲಸವಲ್ಲ. ಹೀಗೆ ತೂಗಿಬಿಟ್ಟ ಮೊಗೆಕಾಯಿ ಮಳೆಗಾಲದ ಹುಳಿಗೆ ತಿಂಗಳುಗಟ್ಟಲೆ ಒದಗುತ್ತದೆ. ಅಟ್ಟದ ಮೇಲೆ ಹಲಸಿನ ಹಪ್ಪಳದ ಡಬ್ಬಿ, ಭರಣಿಯಲ್ಲಿ ಅಪ್ಪೆಮಿಡಿ, ಇನ್ನೊಂದರಲ್ಲಿ ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ಸೊಳೆ, ಬಿಸಿಲಿಗೆ ಕಪ್ಪಾದ ಮುರುಗಲ ಸಿಪ್ಪೆ. ಮೀನು ತಿನ್ನುವವರ ಮನೆಯಾದರೆ ಒಣಮೀನು, ಒಣಸಿಗಡಿ. ಹಿತ್ತಿಲ ಕಡೆ ಒಣಕಟ್ಟಿಗೆ ಒಟ್ಟಿದ್ದಾರೆ. ಒಡೆದ ಹಂಚು ಬದಲಾಗಿದೆ. ಎರಚಲು ಹೊಡೆಯುವ ಪಡುವಣ ಜಗಲಿಗೆ ತೆಂಗಿನ ಮಡಲಿನ ತಟ್ಟಿ ಕಟ್ಟಿಯಾಗಿದೆ. ಈಗ ಎಲ್ಲರ ಮನೆಯಲ್ಲೂ ಗ್ಯಾಸು, ಫ್ರಿಜ್ಜು ಬಂದಿವೆ, ತಟ್ಟಿಯ ಜಾಗಕ್ಕೆ ಪ್ಲಾಸ್ಟಿಕ್ ಶೀಟೂ ಬಂದಿದೆ. ಆದರೂ ಮೇ ಕೊನೆ ಬಂತೆಂದರೆ ಕೈ ತಾನಾಗಿ ಭರಣಿಯ ಕಡೆ ಹೋಗುತ್ತದೆ.

ಉಪ್ಪಿನ ಮಾತು ಬಂತಲ್ಲ, ಹಾಗೇ ಸಾಣಿಕಟ್ಟೆಗೆ ಹೋಗಿಬರೋಣ, ದೂರವೇನಿಲ್ಲ. ಅಘನಾಶಿನಿ ಕಡಲು ಸೇರುವಲ್ಲಿ ಉಬ್ಬರದೊಂದಿಗೆ ಒಳಬರುವ ಉಪ್ಪುನೀರನ್ನು ಗದ್ದೆಗಳಲ್ಲಿ ನಿಲ್ಲಿಸಿ, ಬಿಸಿಲಿಗೆ ಇಂಗಿಸಿ ಉಪ್ಪು ತೆಗೆಯುವ ಊರು ಅದು. ಮಣಿಮಣಿಯಾದ ಆ ಹರಳುಪ್ಪು ಬೀಳದಿದ್ದರೆ ನಮ್ಮ ಕಡೆಯ ಹಲವರಿಗೆ ಮಿಡಿ ಉಪ್ಪಿನಕಾಯಿ ಉಪ್ಪಿನಕಾಯಿಯೇ ಅಲ್ಲ. ಬೇಸಿಗೆಯ ಕೆಲವೇ ತಿಂಗಳ ಬೆಳೆ. ಮೊದಲ ಮಳೆ ಬೀಳುವ ಮೊದಲು ಗದ್ದೆಯ ಉಪ್ಪೆಲ್ಲ ಒಳಗೆ ಸೇರಬೇಕು, ಒಂದು ಜೋರು ಮಳೆಗೆ ಅಷ್ಟೂ ದುಡಿಮೆ ಕರಗಿ ನೀರು. ಅಲ್ಲಿ ದುಡಿಯುವವರು ಆಕಾಶ ನೋಡುವ ಬಗೆ ನಿಮ್ಮದೂ ಅಲ್ಲ, ನನ್ನದೂ ಅಲ್ಲ.

ಇಷ್ಟೆಲ್ಲ ಏಕೆ ಎಂದರೆ, ನಮ್ಮ ಕರಾವಳಿಗೆ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ. ಬೆಂಗಳೂರಿಗೆ ಇಡೀ ವರ್ಷದಲ್ಲಿ ಬೀಳುವುದು ಸಾವಿರದ ಆಸುಪಾಸು. ನಮ್ಮದರಲ್ಲಿ ಬಹುಪಾಲು ಜೂನಿನಿಂದ ಸೆಪ್ಟೆಂಬರಿನೊಳಗೇ ಸುರಿದು ಮುಗಿಯುತ್ತದೆ. ರೋಹಿಣಿಯಲ್ಲಿ ಗುಡುಗು, ಮೃಗಶಿರದಲ್ಲಿ ಶುರು, ಆರ್ದ್ರೆಯಲ್ಲಿ ಮನೆಯಿಂದ ಹೊರಬೀಳುವುದೇ ಬೇಡವೆನಿಸುವ ಮಳೆ. ಕರೆಂಟು ಹೋಗುತ್ತದೆ, ಮರ ಬಿದ್ದು ದಾರಿ ಕಟ್ಟುತ್ತದೆ, ಫೋನಿಗೆ ಸಿಗ್ನಲ್ ಇಲ್ಲ. ಆಗ ಒಲೆಯ ಮುಂದೆ ಕೂತು ಕುಚ್ಚಲಕ್ಕಿ ಗಂಜಿಗೆ ಒಂದು ಮಿಡಿ ನೆಂಚಿಕೊಂಡು, ಕೆಂಡದ ಮೇಲೆ ಸುಟ್ಟ ಹಪ್ಪಳ ಮುರಿಯುತ್ತ ಹೊರಗಿನ ಅಬ್ಬರ ಕೇಳುವ ಸುಖವಿದೆಯಲ್ಲ, ಅದಕ್ಕೆ ಸಮನಾದದ್ದು ನನಗಂತೂ ಗೊತ್ತಿಲ್ಲ. ಅಟ್ಟ ಬರಿದಾಗಿದ್ದವರಿಗೆ ಅದೇ ಮಳೆ ಬರೀ ಚಿಂತೆ. ಸಿದ್ಧತೆಯೂ ಸುಖವೂ ಒಂದೇ ಮನೆಯ ಮಕ್ಕಳು, ಇದೇ ನಾನು ಹೇಳಬೇಕೆಂದಿರುವುದು. ಹೇಳಿಯಾಯಿತು, ಇನ್ನು ಮಾತು ಎಲ್ಲಿಗೆ ಹೋದರೂ ಅಡ್ಡಿಯಿಲ್ಲ.

ಮೀನುಗಾರರ ಕೇರಿಗೇ ಹೋಗಲಿ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ದೋಣಿಗಳಿಗೆ ರಜೆ, ಕಡಲಿಗೆ ಇಳಿಯುವಂತಿಲ್ಲ. ಮೀನು ಮೊಟ್ಟೆಯಿಡುವ ಕಾಲ, ಕಡಲೂ ಕೆರಳಿರುವ ಕಾಲ. ತದಡಿಯ ಬಂದರಿನಲ್ಲಿ ಬೋಟುಗಳು ಮೈಗೆ ಮೈ ತಾಗಿಸಿ ನಿಂತಿರುತ್ತವೆ. ಹಾಗೆಂದು ಜನ ಸುಮ್ಮನೆ ಕೂರುತ್ತಾರೆಯೇ? ಹರಿದ ಬಲೆಗೆ ಗಂಟು ಬೀಳುತ್ತದೆ, ಎಂಜಿನ್ನು ಬಿಚ್ಚಿ ಜೋಡಿಸುತ್ತಾರೆ, ಬೋಟಿಗೆ ಬಣ್ಣ ಬಳಿಯುತ್ತಾರೆ. ನಡುವೆ ಕಡಲು ಕೊಂಚ ತಣ್ಣಗಾದಾಗ ನಾಡದೋಣಿಯವರು ದಡದ ಹತ್ತಿರವೇ ಬಲೆ ಬೀಸಿ ಬರುತ್ತಾರೆ. ಶ್ರಾವಣದ ನೂಲು ಹುಣ್ಣಿಮೆಯ ದಿನ ಕಡಲಿಗೆ ತೆಂಗಿನಕಾಯಿ ಅರ್ಪಿಸಿ ಕೈಮುಗಿಯುತ್ತಾರೆ. ವರ್ಷವಿಡೀ ಅನ್ನ ಕೊಡುವ ಕಡಲನ್ನು ಒಮ್ಮೆ ಕೇಳಿ ಇಳಿಯುವುದು ಅವರ ಮರ್ಯಾದೆ. ಇನ್ನೂ ತೆಂಕಣಕ್ಕೆ ಹೋದರೆ ತುಳುನಾಡಿನಲ್ಲಿ ಪತ್ತನಾಜೆ. ಮೇ ಕೊನೆಗೆ ಬರುವ ಆ ದಿನ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ಕೋಲ ನೇಮಗಳು ನಿಲ್ಲುತ್ತವೆ. ಕುಣಿತಕ್ಕೊಂದು ಕಾಲ, ಮನೆ ಸೇರುವುದಕ್ಕೊಂದು ಕಾಲ ಎಂದು ಊರೇ ಒಪ್ಪಿಕೊಂಡುಬಿಟ್ಟಿದೆ.

ಹೊತ್ತುಗೊತ್ತಿನ ಮಾತಿಗೆ ನಮ್ಮ ಸ್ಥಳಪುರಾಣವೇ ನೆನಪಾಗುತ್ತದೆ. ಕೈಲಾಸದಿಂದ ಆತ್ಮಲಿಂಗ ತರುತ್ತಿದ್ದ ರಾವಣನಿಗೆ ಇದ್ದ ನಿಯಮ ಒಂದೇ, ಅದನ್ನು ನೆಲಕ್ಕೆ ಇಡಬಾರದು. ವಿಷ್ಣು ಚಕ್ರವನ್ನು ಅಡ್ಡ ಹಿಡಿದು ಸೂರ್ಯನನ್ನು ಮರೆಮಾಡಿದ. ಸಂಜೆಯಾಯಿತೆಂದು ರಾವಣ ಸಂಧ್ಯಾವಂದನೆಗೆ ಅವಸರಪಟ್ಟು, ಕಡಲ ದಡದಲ್ಲಿ ಕಂಡ ಹುಡುಗನ ಕೈಗೆ ಲಿಂಗ ಕೊಟ್ಟು ನೀರಿಗೆ ಇಳಿದ. ಆ ಹುಡುಗ ಗಣಪತಿ. ಮೂರು ಸಲ ಕರೆದು, ಕೆಳಗಿಟ್ಟೇಬಿಟ್ಟ. ಮುಂದಿನದು ನಿಮಗೆ ಗೊತ್ತೇ ಇದೆ, ನೆಲ ಹಿಡಿದ ಲಿಂಗ ಮಹಾಬಲೇಶ್ವರನಾಗಿ ಇಲ್ಲೇ ನಿಂತಿತು. ಕಡಲ ಮೇಲಿನ ಬೆಳಕನ್ನು ನೋಡಿ ಅವಸರ ಮಾಡಬಾರದು ಎಂಬ ಪಾಠ ನಮ್ಮೂರಿಗೆ ಅಷ್ಟು ಹಳೆಯದು.

ಅವಸರವಿಲ್ಲದೆ ಬಂದವರೂ ಇದ್ದಾರೆ. 1880ರ ದಶಕದ ಆರಂಭದಲ್ಲಿ, ಆಗಿನ್ನೂ ಎಳೆಯ ಪ್ರಾಯದ ರವೀಂದ್ರನಾಥ ಠಾಕೂರರು ಕಾರವಾರಕ್ಕೆ ಬಂದರು. ಅಣ್ಣ ಸತ್ಯೇಂದ್ರನಾಥರು ಅಲ್ಲಿ ನ್ಯಾಯಾಧೀಶರು. ಒಂದು ಬೆಳದಿಂಗಳ ರಾತ್ರಿ ಸಣ್ಣ ದೋಣಿಯಲ್ಲಿ ಕಾಳಿ ನದಿಯ ಮೇಲ್ಗಡೆಗೆ ಹೋಗಿ, ಹಳೆಯ ಕೋಟೆಯೊಂದನ್ನು ಕಂಡು, ಬರುವಾಗ ದೋಣಿಯನ್ನು ನೀರಿನ ಪಾಡಿಗೆ ತೇಲಲು ಬಿಟ್ಟು, ಅಳಿವೆಯಲ್ಲಿ ಇಳಿದು ಮರಳಿನ ಮೇಲೆ ನಡೆದೇ ಮನೆ ಸೇರಿದ್ದನ್ನು 'ಜೀವನಸ್ಮೃತಿ'ಯಲ್ಲಿ ಹೇಳಿದ್ದಾರೆ. ಕಾರವಾರದಲ್ಲೇ ಅವರು 'ಪ್ರಕೃತಿರ್ ಪ್ರತಿಶೋಧ' ನಾಟಕ ಬರೆದರು. ಅಲ್ಲಿಯ ಕಡಲತೀರಕ್ಕೆ ಇವತ್ತು ಅವರದೇ ಹೆಸರು. ನದಿಯನ್ನು ನದಿಯ ನಡಿಗೆಯಲ್ಲೇ ನೋಡಿದ ಅತಿಥಿಗೆ ಕರಾವಳಿ ಏನು ಕೊಟ್ಟಿತು ನೋಡಿ.

ಈಗಿನ ಅತಿಥಿಗಳಿಗೆ ಶನಿವಾರ ಬೆಳಗ್ಗೆ ಬಂದು ಭಾನುವಾರ ರಾತ್ರಿ ಬಸ್ಸು ಹತ್ತಬೇಕು. ಅಷ್ಟರೊಳಗೆ ಕುಡ್ಲೆ, ಓಂ, ಹಾಫ್ ಮೂನ್, ಪ್ಯಾರಡೈಸ್ ಎಲ್ಲ ಆಗಬೇಕು. ಅವರ ಖುಷಿ ನೋಡಿದರೆ ನನಗೂ ಖುಷಿ. ಆದರೆ ನೀರಿಗೆ ಓಡುವ ಹುಡುಗರನ್ನು ಕಂಡಾಗ ಎದೆ ಧಸಕ್ಕೆನ್ನುತ್ತದೆ. ಬಲೆ ಸರಿಮಾಡುತ್ತಿದ್ದ ಹಿರಿಯರೊಬ್ಬರು ಒಮ್ಮೆ ಹೇಳಿದ್ದರು: "ತೆರೆ ಎದ್ದಲ್ಲಿ ಅಲ್ಲ ತಮಾ, ತೆರೆ ಏಳದೇ ಇದ್ದಲ್ಲಿ ಹೆದರಬೇಕು." ಮಾತು ವಿಚಿತ್ರ ಎನಿಸಿತೇ? ತೆರೆಗಳು ದಡಕ್ಕೆ ತಂದು ಸುರಿದ ನೀರು ಮರಳಿ ಹೋಗಬೇಕಲ್ಲ, ಅದು ಮರಳದಿಬ್ಬಗಳ ನಡುವಿನ ಆಳದ ಸಂದಿನಲ್ಲಿ ರಭಸದಿಂದ ನುಗ್ಗುತ್ತದೆ. ಆಳವಿರುವಲ್ಲಿ ತೆರೆ ಒಡೆಯುವುದು ಕಡಿಮೆ. ಹಾಗಾಗಿ ಆ ಜಾಗ ಶಾಂತವಾಗಿ ಕಾಣುತ್ತದೆ, ಈಜು ಬಾರದವರು ಅಲ್ಲೇ ಇಳಿಯುತ್ತಾರೆ. ಸೆಳವಿಗೆ ಸಿಕ್ಕಿದಾಗ ದಡದ ಕಡೆಗೆ ಎದುರೀಜಿದರೆ ದಣಿವಷ್ಟೇ. ಗಾಬರಿಯಾಗದೆ ತೇಲುತ್ತ, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ, ಸೆಳೆತ ತಪ್ಪಿದ ಮೇಲೆ ದಡಕ್ಕೆ ತಿರುಗಬೇಕು. 2024ರ ಡಿಸೆಂಬರಿನಲ್ಲಿ ಶಾಲಾ ಪ್ರವಾಸಕ್ಕೆ ಬಂದ ನಾಲ್ವರು ಹೆಣ್ಣುಮಕ್ಕಳು ಮುರುಡೇಶ್ವರದಲ್ಲಿ ನೀರುಪಾಲಾದರು. ಅದು ಮಳೆಗಾಲವಲ್ಲ, ನಾನು ಮೇಲೆ ಹೊಗಳಿದ ಅದೇ ಡಿಸೆಂಬರು.

ಉಬ್ಬರ ಇಳಿತಗಳ ಲೆಕ್ಕವನ್ನೂ ಅತಿಥಿಗಳು ಕಲಿತರೆ ಎಷ್ಟು ಚೆಂದ! ದಿನದಲ್ಲಿ ಎರಡು ಉಬ್ಬರ, ಎರಡು ಇಳಿತ. ಒಂದರಿಂದ ಒಂದಕ್ಕೆ ಆರು ಗಂಟೆಗೆ ಸ್ವಲ್ಪ ಮೇಲೆ, ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡ. ಹುಣ್ಣಿಮೆ ಅಮಾವಾಸ್ಯೆಗಳ ಸುಮಾರಿಗೆ ಉಬ್ಬರ ದೊಡ್ಡದು. ಇಷ್ಟು ಗೊತ್ತಿದ್ದರೆ ಬಂಡೆಯ ಬುಡದಲ್ಲಿ ಏಡಿ ನೋಡುತ್ತ ಕೂರುವುದಕ್ಕೂ ಹೊತ್ತು ಸಿಗುತ್ತದೆ, ಬಂಡೆಯಿಂದ ಎದ್ದು ಬರುವುದಕ್ಕೂ ದಾರಿ ಉಳಿದಿರುತ್ತದೆ.

ಹವೆಯ ಸುದ್ದಿ ಹಿಂದೆ ಹಿರಿಯರ ಮೂಗಿಗೆ ಬರುತ್ತಿತ್ತು, ಈಗ ಬಣ್ಣದಲ್ಲಿ ಬರುತ್ತದೆ. ಹವಾಮಾನ ಇಲಾಖೆಯ ಮಳೆಯ ರೆಡ್ ಅಲರ್ಟ್ ಎಂದರೆ 24 ಗಂಟೆಯಲ್ಲಿ 204.5 ಮಿಲಿಮೀಟರು ಅಥವಾ ಅದಕ್ಕೂ ಹೆಚ್ಚು ಮಳೆಯಾಗಬಹುದು ಎಂದು. ಎರಡೂ ಬೇಕು, ಮೂಗೂ ಬಣ್ಣವೂ. ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ದೊಡ್ಡ ತೆರೆಗಳ ಮುನ್ಸೂಚನೆ ಕೊಡುತ್ತದೆ. ಗಾಳಿಯಿಲ್ಲ, ಮೋಡವಿಲ್ಲ, ಆದರೂ ಬೇಸಿಗೆಯ ಒಂದು ದಿನ ಕಡಲು ಉಕ್ಕಿ ದಡ ನುಂಗುವುದುಂಟು. ಸಾವಿರಾರು ಮೈಲಿ ದೂರದ ದಕ್ಷಿಣ ಸಾಗರದಲ್ಲಿ ಎದ್ದ ಬಿರುಗಾಳಿಯ ತೆರೆಗಳು ಇಲ್ಲಿ ಬಂದು ಮುಟ್ಟಿರುತ್ತವೆ. ಅದನ್ನು ಯಾವ ಮೂಗು ತಾನೇ ಹಿಡಿದೀತು? 2021ರ ಮೇ ತಿಂಗಳ ತೌಕ್ತೆ ಚಂಡಮಾರುತ ನಮ್ಮ ದಡಕ್ಕೆ ಅಪ್ಪಳಿಸಲಿಲ್ಲ, ಪಕ್ಕದಲ್ಲೇ ಹಾದುಹೋಯಿತು; ಅಷ್ಟಕ್ಕೇ ತೀರದುದ್ದಕ್ಕೂ ಮನೆ, ರಸ್ತೆ, ತೆಂಗಿನ ಮರಗಳು ಕಡಲು ಸೇರಿದವು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದು, ದಾರಿಬದಿಯ ಚಹಾದಂಗಡಿಯನ್ನೂ ನಿಂತ ಲಾರಿಗಳನ್ನೂ ಗಂಗಾವಳಿಗೆ ತಳ್ಳಿತು. ಗುಡ್ಡ ಕಡಿದು ಮಾಡಿದ ದಾರಿಯ ಪಕ್ಕ, ಜೋರು ಮಳೆಯಲ್ಲಿ ಗಾಡಿ ನಿಲ್ಲಿಸಬೇಡಿ. ಚಹಾ ಮುಂದಿನ ಊರಿನಲ್ಲೂ ಸಿಗುತ್ತದೆ.

ಈಗ ಹೊಸದಾಗಿ ಹೋಮ್‌ಸ್ಟೇ ಮಾಡಿರುವ ನಮ್ಮ ತಂಗಿಯಂದಿರಿಗೂ ತಮ್ಮಂದಿರಿಗೂ ಒಂದು ಮಾತು. ಕೋಣೆಗೆ ಕಡಲು ಕಾಣುವ ಕಿಟಕಿ ಇಟ್ಟಿದ್ದೀರಿ, ಒಳ್ಳೆಯದಾಯಿತು. ಅದರ ಪಕ್ಕದಲ್ಲಿ ಒಂದು ಚೀಟಿ ಅಂಟಿಸಿ: ಇವತ್ತಿನ ಉಬ್ಬರದ ಹೊತ್ತು, ಎಲ್ಲಿ ಇಳಿಯಬಾರದು, ತುರ್ತಿಗೆ 112, ಜಿಲ್ಲೆಯ ವಿಪತ್ತು ನಿರ್ವಹಣಾ ಕೇಂದ್ರಕ್ಕೆ 1077. ಮೇಜಿನ ಮೇಲೆ ಚಾರ್ಜಾದ ಒಂದು ಬ್ಯಾಟರಿ ದೀಪ ಇರಲಿ. ಅಜ್ಜಿಯಂದಿರು ಮೊಗೆಕಾಯಿಗೆ ಗಂಟು ಹಾಕುತ್ತಿದ್ದ ಅದೇ ಅಕ್ಕರೆ ಇದು.

ಬರುವವರಿಗೂ ಅಷ್ಟೇ ಕೇಳಿಕೊಳ್ಳುತ್ತೇನೆ. ಯಾವ ತಿಂಗಳಾದರೂ ಬನ್ನಿ. ಬಂದ ಮೇಲೆ ಮೊದಲು ದಡದಲ್ಲಿ ಬಲೆ ಹಿಡಿದು ಕೂತವರ ಹತ್ತಿರ ಹೋಗಿ, "ಇವತ್ತು ನೀರು ಹೇಗಿದೆ?" ಎಂದು ಕೇಳಿ. ಬೇಡ ಎಂದರೆ ಇಳಿಯಬೇಡಿ, ಅವರ ಜೊತೆ ಕೂತು ಮಾತಾಡಿ. ಊರಿನ ಕಥೆ ಅವರ ಬಾಯಲ್ಲಿ ಬೇಕಾದಷ್ಟಿದೆ.