ಮೆಣಸಿನ ರಾಣಿಯ ಊರಿನಲ್ಲಿ

ಹೊನ್ನಾವರದಿಂದ ಜೋಗಕ್ಕೆ ಹೊರಟವರಿಗೆ ಗೇರುಸೊಪ್ಪೆಯೆಂದರೆ ಘಟ್ಟ ಹತ್ತುವ ಮುಂಚೆ ಚಾ ಕುಡಿಯುವ ಊರು. ನಾನೂ ಎಷ್ಟೋ ಸಲ ಹಾಗೇ ದಾಟಿಹೋಗಿದ್ದೆ. ಈ ಕಾರ್ತಿಕದಲ್ಲಿ ಹೊಳೆಯ ಆಚೆ ದಡಕ್ಕೆ, ನಗರಬಸ್ತಿಕೇರಿಗೆ ಹೋದೆ. ದಟ್ಟ ಕಾಡಿನ ನಡುವೆ ಥಟ್ಟನೆ ಚತುರ್ಮುಖ ಬಸದಿ! ಶಿಖರವಿಲ್ಲದ, ಕಪ್ಪು ಕಲ್ಲಿನ ಕಟ್ಟಡ. ನಾಲ್ಕು ದಿಕ್ಕಿಗೆ ನಾಲ್ಕು ಬಾಗಿಲು. ಯಾವುದರಲ್ಲಿ ಒಳಹೊಕ್ಕರೂ ಅರೆಗತ್ತಲಲ್ಲಿ ಒಬ್ಬ ತೀರ್ಥಂಕರ ಇದಿರಾಗುತ್ತಾನೆ. ನಾಲ್ಕೂ ಕಡೆಯಿಂದ ಹೊಕ್ಕು ನೋಡಿದೆ. ಮನಸ್ಸು ತುಂಬಲಿಲ್ಲ, ಮತ್ತೊಂದು ಸುತ್ತು ಬಂದೆ.

ಈ ಊರು ಒಂದು ಕಾಲಕ್ಕೆ ಸಾಳುವ ಅರಸರ ರಾಜಧಾನಿ. ಕ್ಷೇಮಪುರ, ಭಲ್ಲಾತಕೀಪುರ ಎಂಬ ಹೆಸರುಗಳೂ ಇದ್ದವು. ಭಲ್ಲಾತಕವೆಂದರೆ ನಮ್ಮ ಕರಿಗೇರು; ಪೋರ್ಚುಗೀಸರು ತಂದ ಗೋಡಂಬಿಯ ಗೇರಲ್ಲ. 1552ರಿಂದ 54 ವರ್ಷ ಇಲ್ಲಿ ಆಳಿದವಳು ಚೆನ್ನಭೈರಾದೇವಿ. ಘಟ್ಟದ ಕಾನುಗಳಲ್ಲಿ ಮರಕ್ಕೆ ಹಬ್ಬಿದ ಕಾಳುಮೆಣಸು ಎತ್ತಿನ ಬೆನ್ನೇರಿ ಇಲ್ಲಿಗಿಳಿಯುತ್ತಿತ್ತು. ಇಲ್ಲಿಂದ ಸುಮಾರು 30 ಕಿ.ಮೀ. ದೋಣಿಯ ದಾರಿ, ಆಮೇಲೆ ಕಡಲು. ಹಡಗು ಹೋಗಲಾರದ ಘಟ್ಟ, ಎತ್ತು ಹೋಗಲಾರದ ಹೊಳೆ, ಎರಡೂ ಕೂಡುವ ಜಾಗವೇ ಅವಳ ಬಲ. ಪೋರ್ಚುಗೀಸರು ಅವಳನ್ನು ಮೆಣಸಿನ ರಾಣಿ ಎಂದರು. ಕುಮಟೆಯ ಮಿರ್ಜಾನ್ ಕೋಟೆಯನ್ನೂ ಅವಳ ಹೆಸರಿನಲ್ಲೇ ನೆನೆಯುತ್ತಾರೆ. ಅಲ್ಲಿ ಅಗೆದಾಗ ಚೀನಾದ ಪಿಂಗಾಣಿ ಚೂರುಗಳು ಸಿಕ್ಕಿವೆ.

1606ರಲ್ಲಿ ಕೆಳದಿಯ ವೆಂಕಟಪ್ಪ ನಾಯಕನಿಗೆ ಅವಳು ಸೋತಳು. ಸೆರೆಯಲ್ಲೇ ತೀರಿಕೊಂಡಳು ಎನ್ನುತ್ತಾರೆ. 1623ರಲ್ಲಿ ಇಟಲಿಯ ಯಾತ್ರಿಕ ಪಿಯೆತ್ರೊ ದೆಲ್ಲಾ ವಾಲೆ ಹೊನ್ನಾವರದಿಂದ ದೋಣಿಯಲ್ಲಿ ಬಂದ. ಹೊಳೆಯ ಚೆಲುವಿಗೆ ಮಾರುಹೋದ. ಆದರೆ ಅವನು ಕಂಡದ್ದು ಮರ ಬೆಳೆದು ಮುಚ್ಚಿದ ಅರಮನೆ, ಒಂದಷ್ಟು ರೈತರ ಗುಡಿಸಲು. ಬರೀ 17 ವರ್ಷ! ಇದನ್ನು ನೆನೆದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ. ಅರಮನೆಯಲ್ಲಿ ದೀಪ ಹಚ್ಚುತ್ತಿದ್ದವರು, ಸುಗ್ಗಿಯಲ್ಲಿ ಮೆಣಸು ಅಳೆಯುತ್ತಿದ್ದವರು ಆಗಿನ್ನೂ ಬದುಕಿದ್ದಿರಬೇಕು. ತಾವು ಓಡಾಡಿದ ಬೀದಿಯಲ್ಲಿ ಗಿಡ ಮೊಳೆಯುವುದನ್ನು ಅವರು ಕಣ್ಣಾರೆ ಕಂಡಿರಬೇಕು.

ದಾರಿಯಲ್ಲಿ ಸಿಕ್ಕ ಅಜ್ಜನೊಬ್ಬರು ಘಟ್ಟದ ಕಡೆ ಕೈ ತೋರಿದರು. “ಮೇಲೆ ಕಾನೂರು ಕೋಟೆ ಉಂಟು. ರಾಣಿದೇ. ಒಬ್ಬರೇ ಹೋಗಬೇಡಿ ಮಾರಾಯ್ರೆ, ದಟ್ಟ ಕಾಡು.” ಮೋಡ ಕವಿದ ಆ ನೆತ್ತಿಯನ್ನು ಬಹಳ ಹೊತ್ತು ನೋಡುತ್ತ ನಿಂತೆ. ಅಜ್ಜ ತಮ್ಮ ತೋಟಕ್ಕೆ ಕರೆದೊಯ್ದರು. ಅಡಿಕೆ ಸಸಿಗೆ ಗುಂಡಿ ತೋಡುವಾಗ ಒಮ್ಮೊಮ್ಮೆ ಕೆತ್ತಿದ ಕಲ್ಲು ಸಿಗುತ್ತದಂತೆ. ಅಂಥದೊಂದನ್ನು ಅವರು ಎಸೆದಿರಲಿಲ್ಲ. ಹಲಸಿನ ಮರದ ಬುಡಕ್ಕೆ ಒರಗಿಸಿಟ್ಟಿದ್ದರು. ಕಲ್ಲಿನ ಮೇಲೆ ಹೂಬಳ್ಳಿಯ ಕೆತ್ತನೆ. ಅದರ ಪಕ್ಕದಲ್ಲೇ ಮೆಣಸಿನ ಬಳ್ಳಿ ಬೇರೂರಿ, ಕಲ್ಲನ್ನು ಬಳಸಿ ಮರ ಹತ್ತಿತ್ತು. ಹಸಿರು ಕರೆಗಳು ತುಂಬಿ ತೂಗುತ್ತಿದ್ದವು.