ಹಿಂದೆ ನಿಂತವನ 770 ಪಂದ್ಯಗಳು

ಆಟದ ಪೀರಿಯಡ್‌ನಲ್ಲಿ ಹುಡುಗರು ಫುಟ್‌ಬಾಲ್ ತಂಡ ಮಾಡಿಕೊಳ್ಳುವುದನ್ನು ಒಮ್ಮೆ ನಿಂತು ನೋಡಬೇಕು. ಎಲ್ಲರಿಗೂ ಮುಂದೆ ನಿಲ್ಲುವ ಆಸೆ, ಎಲ್ಲರಿಗೂ ಗೋಲು ಹೊಡೆಯುವ ಆಸೆ. ಚೆಂಡು ತಂದವನು, ಗಟ್ಟಿ ಗಂಟಲಿನವನು ಮುಂದಿನ ಜಾಗ ಹಿಡಿಯುತ್ತಾರೆ. ಮಾತನಾಡದ ಹುಡುಗನಿಗೆ, "ನೀನು ಹಿಂದೆ ನಿಂತ್ಕೊಳೋ" ಎಂಬ ಅಪ್ಪಣೆಯಾಗುತ್ತದೆ. ಮಕ್ಕಳ ಲೆಕ್ಕದಲ್ಲಿ ಹಿಂದೆ ನಿಲ್ಲುವುದೆಂದರೆ ಆಟ ಶುರುವಾಗುವ ಮೊದಲೇ ಅರ್ಧ ಸೋತಂತೆ. ಈ ಲೆಕ್ಕವನ್ನು ಅವರು ಆಟದ ಬಯಲಿನಲ್ಲಿ ಕಲಿತದ್ದಲ್ಲ. ರ‍್ಯಾಂಕು, ಸೀಟು, ಸಂಬಳ ಎಂಬ ಮಾತುಗಳನ್ನು ಮನೆಯಲ್ಲೂ ಊರಲ್ಲೂ ಕೇಳಿ ಕೇಳಿ ಕಲಿತದ್ದು.

ಹಿಂದೆ ನಿಂತೇ ಇಪ್ಪತ್ತು ವರ್ಷ ಆಡಿದ ಇಂಗ್ಲೆಂಡಿನ ಒಬ್ಬ ಆಟಗಾರರ ಕಥೆಯನ್ನು ಇಲ್ಲಿ ಹೇಳಬೇಕೆನಿಸಿದೆ. ಅವರ ಹೆಸರು ಜಾನ್ ಟ್ರಾಲಪ್. ನಮ್ಮ ಮಕ್ಕಳು ಪೆಲೆ, ಮರಡೋನಾ, ಮೆಸ್ಸಿ ಎಂದರೆ ಕಣ್ಣರಳಿಸುತ್ತಾರೆ. ಟ್ರಾಲಪ್ ಎಂದರೆ ಯಾರಿಗೂ ಗೊತ್ತಿಲ್ಲ. ಇಂಗ್ಲೆಂಡಿನಲ್ಲೇ ಎಷ್ಟೋ ಜನರಿಗೆ ಗೊತ್ತಿರಲಾರದು. ಅವರು ದೇಶದ ತಂಡಕ್ಕೆ ಆಡಲಿಲ್ಲ. ಅತ್ಯುನ್ನತ ವಿಭಾಗದಲ್ಲಿ ಒಂದು ಲೀಗ್ ಪಂದ್ಯವನ್ನೂ ಆಡಲಿಲ್ಲ. ಆದರೂ ಒಂದೇ ಕ್ಲಬ್ಬಿನ ಪರವಾಗಿ 770 ಲೀಗ್ ಪಂದ್ಯಗಳನ್ನು ಆಡಿದರು. ಆ ದಾಖಲೆ ನಲವತ್ತಕ್ಕೂ ಹೆಚ್ಚು ವರ್ಷ ಯಾರ ಕೈಗೂ ಸಿಗದೆ ಉಳಿಯಿತು.

ಕಥೆ ತಿಳಿಯಬೇಕಾದರೆ ಅಲ್ಲಿನ ವ್ಯವಸ್ಥೆ ಸ್ವಲ್ಪ ಗೊತ್ತಿರಬೇಕು. ಇಂಗ್ಲೆಂಡಿನಲ್ಲಿ 92 ಲೀಗ್ ಕ್ಲಬ್ಬುಗಳು ನಾಲ್ಕು ವಿಭಾಗಗಳಲ್ಲಿ ಆಡುತ್ತವೆ. ಮನೆಯ ಮಹಡಿಗಳಂತೆ ಒಂದರ ಮೇಲೊಂದು. ಚೆನ್ನಾಗಿ ಆಡಿದ ತಂಡ ವರ್ಷದ ಕೊನೆಗೆ ಮೇಲಿನ ಮಹಡಿಗೆ ಹತ್ತುತ್ತದೆ, ಸೋತದ್ದು ಕೆಳಗಿಳಿಯುತ್ತದೆ. ಟಿ.ವಿ.ಯಲ್ಲಿ ನಾವು ನೋಡುವ ಪ್ರೀಮಿಯರ್ ಲೀಗ್ ಇಂದಿನ ಮೇಲಿನ ಮಹಡಿ. ಟ್ರಾಲಪ್ ಆಡುತ್ತಿದ್ದ ಕಾಲದಲ್ಲಿ ಅದಕ್ಕೆ ಮೊದಲ ವಿಭಾಗ ಎಂದು ಹೆಸರು. ಅವರ ಬದುಕು ಕಳೆದದ್ದು ಎರಡನೆಯ ಮತ್ತು ಮೂರನೆಯ ವಿಭಾಗಗಳಲ್ಲಿ.

ಅವರ ಕ್ಲಬ್ಬು ಸ್ವಿಂಡನ್ ಟೌನ್. ಸ್ವಿಂಡನ್ ರೈಲ್ವೆಯಿಂದ ಬೆಳೆದ ಊರು. ಗ್ರೇಟ್ ವೆಸ್ಟರ್ನ್ ರೈಲ್ವೆಯ ದೊಡ್ಡ ಕಾರ್ಖಾನೆ 1843ರಿಂದ ಅಲ್ಲಿ ಎಂಜಿನ್ನುಗಳನ್ನು ತಯಾರಿಸುತ್ತಿತ್ತು, ರಿಪೇರಿ ಮಾಡುತ್ತಿತ್ತು. 1986ರಲ್ಲಿ ಅದು ಮುಚ್ಚಿತು. ಆ ಊರಿನ ಪಕ್ಕದ ರೌಟನ್ ಎಂಬ ಹಳ್ಳಿಯಲ್ಲಿ 1943ರಲ್ಲಿ ಟ್ರಾಲಪ್ ಹುಟ್ಟಿದರು. 1960ರ ಆಗಸ್ಟ್‌ನಲ್ಲಿ, ಹದಿನೇಳನೆಯ ವಯಸ್ಸಿನಲ್ಲಿ, ಸ್ವಿಂಡನ್ ತಂಡದಲ್ಲಿ ಮೊದಲ ಪಂದ್ಯ ಆಡಿದರು. ಆಗಿನ ಮ್ಯಾನೇಜರ್ ಬರ್ಟ್ ಹೆಡ್‌ಗೆ ಎಳೆಯ ಹುಡುಗರ ಮೇಲೆ ವಿಶ್ವಾಸ. ಹಣ ಕೊಟ್ಟು ಹೊರಗಿನವರನ್ನು ತರುವ ಬದಲು ಇರುವ ಹುಡುಗರನ್ನೇ ತಿದ್ದಿ ತಂಡ ಕಟ್ಟಿದರು. ಆ ತಂಡ 1963ರಲ್ಲಿ ಕ್ಲಬ್ಬಿನ ಇತಿಹಾಸದಲ್ಲೇ ಮೊದಲ ಬಾರಿಗೆ ಎರಡನೆಯ ವಿಭಾಗಕ್ಕೆ ಏರಿತು.

ಫುಟ್‌ಬಾಲ್ ಆಟಗಾರ ಎಂದರೆ ಕೋಟಿಗಳ ಒಡೆಯ ಎಂದು ಇಂದಿನ ಮಕ್ಕಳು ತಿಳಿದಿದ್ದಾರೆ. ಟ್ರಾಲಪ್ ಆಡಲು ಶುರು ಮಾಡಿದಾಗ ಎಷ್ಟೇ ದೊಡ್ಡ ಆಟಗಾರನಾದರೂ ವಾರಕ್ಕೆ 20 ಪೌಂಡಿಗಿಂತ ಹೆಚ್ಚು ಸಂಬಳ ಕೊಡುವಂತಿರಲಿಲ್ಲ. ಆಟಗಾರರ ಸಂಘ ಮುಷ್ಕರದ ಎಚ್ಚರಿಕೆ ಕೊಟ್ಟ ಮೇಲೆ 1961ರ ಜನವರಿಯಲ್ಲಿ ಆ ಮಿತಿ ಹೋಯಿತು. ಇನ್ನೊಂದು ಕಟ್ಟಳೆ ಅದಕ್ಕಿಂತ ಬಿಗಿ. ಒಪ್ಪಂದ ಮುಗಿದರೂ ಕ್ಲಬ್ಬು ಒಪ್ಪದೆ ಆಟಗಾರ ಬೇರೆ ಕಡೆ ಹೋಗುವಂತಿರಲಿಲ್ಲ. ಜಾರ್ಜ್ ಈಸ್ಟಮ್ ಎಂಬ ಆಟಗಾರ ಹೂಡಿದ ಮೊಕದ್ದಮೆಯಲ್ಲಿ 1963ರಲ್ಲಿ ನ್ಯಾಯಾಲಯ ಈ ಕಟ್ಟಳೆ ಸರಿಯಲ್ಲ ಎಂದಿತು. ಬಾಗಿಲು ಸ್ವಲ್ಪ ತೆರೆಯಿತು.

ತೆರೆದ ಬಾಗಿಲಿನಿಂದ ಒಬ್ಬೊಬ್ಬರಾಗಿ ಹೊರಟರು. ಜೊತೆಗೆ ಬೆಳೆದ ಮೈಕ್ ಸಮರ್ಬಿ 1965ರಲ್ಲಿ ಮ್ಯಾಂಚೆಸ್ಟರ್ ಸಿಟಿ ಸೇರಿ, 1968ರಲ್ಲಿ ಲೀಗ್ ಚಾಂಪಿಯನ್ ತಂಡದವರಾದರು, ದೇಶಕ್ಕೂ ಆಡಿದರು. 1965ರಲ್ಲೇ ಎರ್ನಿ ಹಂಟ್ ವುಲ್ವ್ಸ್ ಕ್ಲಬ್ಬಿಗೆ ಹೋದರು. ಇಬ್ಬರೂ ಮುಂದೆ ಆಡುವವರು, ಗೋಲು ಹೊಡೆಯುವವರು, ಹೊಡೆಸುವವರು. 1965ರಲ್ಲೇ ಸ್ವಿಂಡನ್ ಮತ್ತೆ ಮೂರನೆಯ ವಿಭಾಗಕ್ಕೆ ಇಳಿಯಿತು. ಟ್ರಾಲಪ್ ಉಳಿದುಕೊಂಡರು.

ಅವರ ಜಾಗ ಲೆಫ್ಟ್ ಬ್ಯಾಕ್. ತಂಡದ ಹಿಂಭಾಗದಲ್ಲಿ ಎಡಮೂಲೆಯನ್ನು ಕಾಯುವ ಕೆಲಸ. ಎದುರಾಳಿಗಳಲ್ಲಿ ಅತಿ ವೇಗವಾಗಿ ಓಡುವವನು ಹೆಚ್ಚಾಗಿ ಈ ಅಂಚಿನಲ್ಲೇ ನುಗ್ಗುತ್ತಾನೆ. ಅವನನ್ನು ತಡೆಯಬೇಕು, ಚೆಂಡು ಕಸಿಯಬೇಕು, ಕಸಿಯಲಾಗದಿದ್ದರೆ ಅವನು ಗೋಲಿನ ಕಡೆ ತಿರುಗದಂತೆ ಗೆರೆಯ ಪಕ್ಕಕ್ಕೆ ತಳ್ಳಿಕೊಂಡು ಹೋಗಬೇಕು. ಈ ಕೆಲಸ ಚೆನ್ನಾಗಿ ನಡೆದರೆ ಏನಾಗುತ್ತದೆ? ಏನೂ ಆಗುವುದಿಲ್ಲ! ಅದೇ ಅದರ ಫಲ. ಮರುದಿನದ ಪತ್ರಿಕೆಯಲ್ಲಿ ಬರೆಯಲು ಏನೂ ಇರುವುದಿಲ್ಲ.

ಹತ್ತನೆಯ ತರಗತಿಯಲ್ಲಿ ವಿದ್ಯುತ್ ಪಾಠ ಮಾಡುವಾಗ ಫ್ಯೂಸ್ ತಂತಿಯ ಬಗ್ಗೆ ಹೇಳುತ್ತೇನೆ. ಮನೆಯಲ್ಲಿ ದೀಪವನ್ನು ಹೊಗಳುವವರಿದ್ದಾರೆ, ಫ್ಯಾನನ್ನು ಹೊಗಳುವವರಿದ್ದಾರೆ. ಫ್ಯೂಸನ್ನು ಹೊಗಳಿದವರನ್ನು ನಾನು ಕಂಡಿಲ್ಲ. ಅದು ಹೋದ ದಿನ ಮಾತ್ರ ಎಲ್ಲರೂ ಟಾರ್ಚ್ ಹಿಡಿದು ಅದರ ಮುಂದೆ ನಿಲ್ಲುತ್ತಾರೆ. ರಕ್ಷಣಾ ಆಟಗಾರನದೂ ಅದೇ ಪಾಡು. ತಪ್ಪಿದ ಒಂದು ಸಲ ಕಾಣುತ್ತದೆ, ತಪ್ಪದ ನೂರು ಸಲ ಕಾಣುವುದಿಲ್ಲ.

ವರ್ಷಗಟ್ಟಲೆ ಬಿಡುವಿಲ್ಲದೆ ಆಡಿದ ಟ್ರಾಲಪ್ ತೋಳು 1968ರಲ್ಲಿ ಮುರಿಯಿತು. ಆದರೆ ಅದೇ ಋತು ಅವರ ಬದುಕಿನ ದೊಡ್ಡ ದಿನವನ್ನು ತಂದಿತು. ಎಲ್ಲ ವಿಭಾಗಗಳ ತಂಡಗಳೂ ಸೆಣಸುವ ಲೀಗ್ ಕಪ್‌ನಲ್ಲಿ ಮೂರನೆಯ ವಿಭಾಗದ ಸ್ವಿಂಡನ್ ಒಂದೊಂದೇ ಮೆಟ್ಟಿಲು ಹತ್ತಿತು. ಸೆಮಿಫೈನಲ್‌ನಲ್ಲಿ ಮೊದಲ ವಿಭಾಗದ ಬರ್ನ್ಲಿ ತಂಡವನ್ನು ಸೋಲಿಸಲು ಮೂರು ಪಂದ್ಯ ಬೇಕಾದವು. 1969ರ ಮಾರ್ಚ್ 15ರಂದು ಲಂಡನ್ನಿನ ವೆಂಬ್ಲಿ ಕ್ರೀಡಾಂಗಣದಲ್ಲಿ ಫೈನಲ್. ಎದುರಾಳಿ ಆರ್ಸೆನಲ್. ತೋಳು ಕೂಡಿಕೊಂಡ ಟ್ರಾಲಪ್ ತಮ್ಮ ಎಡಮೂಲೆಯಲ್ಲಿ ನಿಂತಿದ್ದರು.

ಅಂದು ನೋಡಲು ಬಂದವರು ಸುಮಾರು 98 ಸಾವಿರ ಮಂದಿ. ಕುದುರೆ ಪ್ರದರ್ಶನದಿಂದ ಹಾಳಾಗಿದ್ದ ನೆಲ, ಅದರ ಮೇಲೆ ಮಳೆ. ಹುಲ್ಲಿಗಿಂತ ಕೆಸರೇ ಹೆಚ್ಚು. ಇಂಥ ನೆಲದಲ್ಲಿ ಓಡುವುದೆಂದರೆ ಗದ್ದೆಯಲ್ಲಿ ಓಡಿದಂತೆ. ಇಟ್ಟ ಕಾಲನ್ನು ಕಿತ್ತು ತೆಗೆಯುವುದಕ್ಕೇ ಅರ್ಧ ಶಕ್ತಿ ಹೋಗುತ್ತದೆ. ರೋಜರ್ ಸ್ಮಾರ್ಟ್ ಹೊಡೆದ ಗೋಲಿನಿಂದ ಸ್ವಿಂಡನ್ ಮುಂದಾಯಿತು. ಆ ಒಂದು ಗೋಲನ್ನು ಕಾಯುವ ಭಾರ ಗೋಲ್‌ಕೀಪರ್ ಪೀಟರ್ ಡೌನ್ಸ್‌ಬರೋ ಮೇಲೆ, ಹಿಂದೆ ನಿಂತ ನಾಲ್ವರ ಮೇಲೆ. ಪಂದ್ಯ ಮುಗಿಯಲು ಕೆಲವೇ ನಿಮಿಷಗಳಿದ್ದಾಗ ಆರ್ಸೆನಲ್‌ನ ಬಾಬಿ ಗೌಲ್ಡ್ ಗೋಲು ಹೊಡೆದು ಸಮ ಮಾಡಿದರು. ಇಂಥ ಹೊತ್ತಿನಲ್ಲಿ ಸಣ್ಣ ತಂಡಗಳು ಕುಸಿಯುವುದೇ ಹೆಚ್ಚು. ಸ್ವಿಂಡನ್ ಕುಸಿಯಲಿಲ್ಲ. ಹೆಚ್ಚುವರಿ ಅರ್ಧ ಗಂಟೆಯಲ್ಲಿ ಡಾನ್ ರೋಜರ್ಸ್ ಎರಡು ಗೋಲು ಹೊಡೆದರು. 3–1. ಕೈ ಕೆಸರಾದರೆ ಬಾಯಿ ಮೊಸರು ಎಂಬ ನಮ್ಮ ಗಾದೆಯ ಕೆಸರು ಅಂದು ಅವರ ಕುತ್ತಿಗೆಯವರೆಗೂ ಮೆತ್ತಿತ್ತು.

ಆದರೆ ಮೊಸರು ಪೂರ್ತಿ ಸಿಗಲಿಲ್ಲ. ಕಪ್ ಗೆದ್ದವರಿಗೆ ಯೂರೋಪಿನ ಫೇರ್ಸ್ ಕಪ್‌ನಲ್ಲಿ ಆಡುವ ಅವಕಾಶವಿತ್ತು, ಮೊದಲ ವಿಭಾಗದ ತಂಡವಾಗಿದ್ದರೆ ಮಾತ್ರ! ಪರೀಕ್ಷೆಯಲ್ಲಿ ಪಾಸಾದವನಿಗೆ "ನೀನು ಕೂತ ಬೆಂಚು ಸರಿಯಿಲ್ಲ" ಎಂದ ಹಾಗಾಯಿತು. ಬದಲಿಗೆ ಇಟಲಿಯ ಕಪ್ ವಿಜೇತ ರೋಮಾ ತಂಡದ ಜೊತೆ ಎರಡು ಪಂದ್ಯ ಏರ್ಪಡಿಸಿದರು. ರೋಮ್‌ನಲ್ಲಿ 2–1ರಿಂದ ಸೋತ ಸ್ವಿಂಡನ್, ತನ್ನೂರಿನಲ್ಲಿ 4–0 ಅಂತರದಿಂದ ಗೆದ್ದಿತು. ಆ ವರ್ಷವೇ ತಂಡ ಎರಡನೆಯ ವಿಭಾಗಕ್ಕೂ ಏರಿತು.

ಆಮೇಲೆ ಮತ್ತೆ ಹಳೆಯ ಕಥೆ. ವೆಂಬ್ಲಿಯ ವೀರ ರೋಜರ್ಸ್ 1972ರಲ್ಲಿ ಹೊರಟರು. 1974ರಲ್ಲಿ ತಂಡ ಇಳಿಯಿತು. ಟ್ರಾಲಪ್ ಅಲ್ಲೇ ಇದ್ದರು. 1978ರಲ್ಲಿ ಅವರಿಗೆ ಎಂ.ಬಿ.ಇ. ಎಂಬ ಸರ್ಕಾರಿ ಗೌರವ ಬಂತು. 1980ರಲ್ಲಿ, ಪೋರ್ಟ್ಸ್‌ಮತ್ ಕ್ಲಬ್ಬಿನ ಜಿಮ್ಮಿ ಡಿಕಿನ್ಸನ್ ಹೆಸರಿನಲ್ಲಿದ್ದ 764 ಪಂದ್ಯಗಳ ದಾಖಲೆಯನ್ನು ದಾಟಿದರು. ಡಿಕಿನ್ಸನ್ ದೇಶಕ್ಕೆ 48 ಪಂದ್ಯ ಆಡಿದವರು, ಎರಡು ಸಲ ಲೀಗ್ ಗೆದ್ದವರು. ಅಂಥವರ ದಾಖಲೆಯನ್ನು ದಾಟಿದ್ದು ಮೂರನೆಯ ವಿಭಾಗದ ಒಬ್ಬ ಲೆಫ್ಟ್ ಬ್ಯಾಕ್.

ವಿದ್ಯಾರ್ಥಿಗಳೇ, ಇಲ್ಲಿ ಒಂದು ಸಣ್ಣ ಲೆಕ್ಕ ಮಾಡಿ. ಒಂದು ಪಂದ್ಯಕ್ಕೆ 90 ನಿಮಿಷ. 770 ಪಂದ್ಯ ಪೂರ್ತಿ ಆಡಿದರೆ 69,300 ನಿಮಿಷ, ಅಂದರೆ 1,155 ಗಂಟೆ. ದಿನಗಳ ಲೆಕ್ಕದಲ್ಲಿ ಸುಮಾರು 48 ದಿನ. ಇಪ್ಪತ್ತು ವರ್ಷದ ಬಾಳಿನಲ್ಲಿ ಜನ ನೋಡಿದ್ದು 48 ದಿನ ಮಾತ್ರ! ಉಳಿದದ್ದೆಲ್ಲ ಚಳಿಯಲ್ಲಿ ಎದ್ದು ಓಡಿದ ಬೆಳಗುಗಳು, ಗಾಯ ಮಾಯಲು ಕಾದ ವಾರಗಳು, ಬಸ್ಸಿನ ಪ್ರಯಾಣಗಳು. ಪರೀಕ್ಷೆಯ ಮೂರು ಗಂಟೆಯ ಹಿಂದೆಯೂ ಹೀಗೆಯೇ ಒಂದು ವರ್ಷ ಇರುತ್ತದೆ.

ಒಂದೇ ಕಡೆ ಇರುವುದೇ ದೊಡ್ಡ ಗುಣ ಎಂದು ನಾನು ಹೇಳುತ್ತಿಲ್ಲ. ಕಲ್ಲೂ ಒಂದೇ ಕಡೆ ಇರುತ್ತದೆ. ಹೊರಟ ಸಮರ್ಬಿ ತಪ್ಪು ಮಾಡಲಿಲ್ಲ, ತಮ್ಮ ಶಕ್ತಿಗೆ ತಕ್ಕ ಬಯಲು ಹುಡುಕಿಕೊಂಡರು. ಟ್ರಾಲಪ್ ಉಳಿದದ್ದೂ ಸುಮ್ಮನೆ ಅಲ್ಲ. ಯಾವ ಕ್ಲಬ್ಬೂ ಪ್ರೀತಿಗಾಗಿ ಇಪ್ಪತ್ತು ವರ್ಷ ಸಂಬಳ ಕೊಡುವುದಿಲ್ಲ. ಪ್ರತಿ ವರ್ಷ ಆ ಎಡಮೂಲೆಗೆ ಹೊಸ ಹುಡುಗರು ಬರುತ್ತಿದ್ದರು, ಪ್ರತಿ ವರ್ಷ ಅವರು ಆ ಜಾಗವನ್ನು ಮತ್ತೆ ಗೆಲ್ಲಬೇಕಾಗಿತ್ತು. ಉಳಿದವರಿಗೆ ಕೊನೆಗೆ ಎಲ್ಲವೂ ಒಳ್ಳೆಯದೇ ಆಗುತ್ತದೆ ಎಂದೂ ಅಲ್ಲ. ಆಟ ಬಿಟ್ಟ ಮೇಲೆ 1981ರಲ್ಲಿ ಅವರು ಅದೇ ತಂಡದ ಮ್ಯಾನೇಜರ್ ಆದರು. ಮರುವರ್ಷ ತಂಡ ಮೊದಲ ಬಾರಿಗೆ ನಾಲ್ಕನೆಯ ವಿಭಾಗಕ್ಕೆ ಬಿತ್ತು, 1983ರಲ್ಲಿ ಆ ಹುದ್ದೆ ಹೋಯಿತು. ಹತ್ತು ವರ್ಷದ ಮೇಲೆ, 1993ರಲ್ಲಿ, ಸ್ವಿಂಡನ್ ಕೊನೆಗೂ ಮೇಲಿನ ಮಹಡಿ ತಲುಪಿತು. ಆ ಒಂದೇ ಋತುವಿನಲ್ಲಿ 100 ಗೋಲು ಬಿಟ್ಟುಕೊಟ್ಟು ಕೆಳಗಿಳಿಯಿತು. ಹಿಂದೆ ನಿಲ್ಲುವವನ ಬೆಲೆ ಏನೆಂದು ಆಗ ಹಳಬರಿಗೆ ನೆನಪಾಗಿರಬೇಕು.

770ರ ದಾಖಲೆ ಮುರಿದದ್ದು 2023ರಲ್ಲಿ. ಮುರಿದವರು ಡೀನ್ ಲೂಯಿಂಗ್ಟನ್. ಅವರೂ ಲೆಫ್ಟ್ ಬ್ಯಾಕ್, ಅವರೂ ಪ್ರೀಮಿಯರ್ ಲೀಗ್ ಆಡದವರು. ವಿಂಬಲ್ಡನ್ ಕ್ಲಬ್ಬಿನಲ್ಲಿ ಹುಡುಗನಾಗಿ ಶುರು ಮಾಡಿದರು. ಕ್ಲಬ್ಬು 2003ರಲ್ಲಿ ಮಿಲ್ಟನ್ ಕೀನ್ಸ್‌ಗೆ ಹೋಯಿತು, ಮರುವರ್ಷ ಹೆಸರೂ ಎಂ.ಕೆ. ಡಾನ್ಸ್ ಎಂದು ಬದಲಾಯಿತು. ಅವರು ಬದಲಾಗಲಿಲ್ಲ, 2025ರವರೆಗೆ ಆಡಿದರು. ಮೂರನೆಯ ವಿಭಾಗದಲ್ಲಿದ್ದ ಆ ತಂಡ 2014ರಲ್ಲಿ ಮ್ಯಾಂಚೆಸ್ಟರ್ ಯುನೈಟೆಡನ್ನು 4–0 ಅಂತರದಿಂದ ಸೋಲಿಸಿದ ಸುದ್ದಿ ಕೆಲವರಿಗಾದರೂ ನೆನಪಿರಬಹುದು.

ಬಿ.ಎಸ್‌ಸಿ., ಬಿ.ಎಡ್. ಮುಗಿಸಿ ಮೇಷ್ಟ್ರಾದ ನನಗೆ ಈ ಕಥೆ ಸ್ವಲ್ಪ ಹತ್ತಿರದ್ದು. ಜೊತೆಗೆ ಓದಿದವರಲ್ಲಿ ಹಲವರು ದೂರದ ಊರುಗಳಲ್ಲಿ ದೊಡ್ಡ ಕೆಲಸಗಳಲ್ಲಿದ್ದಾರೆ. ಮದುವೆ ಮನೆಗಳಲ್ಲಿ ಸಿಕ್ಕಾಗ, "ಇನ್ನೂ ಅದೇ ಹೈಸ್ಕೂಲಾ ಮೇಷ್ಟ್ರೇ?" ಎನ್ನುತ್ತಾರೆ. ಆ "ಇನ್ನೂ" ಎಂಬ ಪದದ ತೂಕ ಹೊತ್ತವರಿಗೇ ಗೊತ್ತು. ನಮ್ಮಂಥ ದೊಡ್ಡವರು ಅದನ್ನು ಹೇಗೋ ಹೊತ್ತುಕೊಳ್ಳುತ್ತೇವೆ. ಹದಿನಾರರ ಹುಡುಗನ ಹೆಗಲ ಮೇಲೆ ಇಟ್ಟರೆ?

ಎಸ್.ಎಸ್.ಎಲ್.ಸಿ. ಫಲಿತಾಂಶದ ಮಾರನೆಯ ದಿನ ಒಬ್ಬ ತಂದೆ ಮಗನನ್ನು ಪಕ್ಕದಲ್ಲೇ ನಿಲ್ಲಿಸಿಕೊಂಡು, "ಇವನದ್ದು ಬಿಡಿ ಸಾರ್, ಸೆಕೆಂಡ್ ಕ್ಲಾಸು" ಎಂದರು. ಹುಡುಗ ನೆಲ ನೋಡುತ್ತಿದ್ದ. ಮೂರು ವರ್ಷದಲ್ಲಿ ಅವನು ಶಾಲೆ ತಪ್ಪಿಸಿದ್ದು ಜ್ವರ ಬಂದ ಎರಡು ದಿನ ಮಾತ್ರ. ಪ್ರಯೋಗ ಮುಗಿದ ಮೇಲೆ ಬೀಕರು, ಪ್ರನಾಳಗಳನ್ನು ಯಾರೂ ಹೇಳದೆಯೇ ತೊಳೆದು ಒರೆಸಿ ಇಡುತ್ತಿದ್ದ. ಅವನಿದ್ದ ವರ್ಷಗಳಲ್ಲಿ ನಮ್ಮ ಪ್ರಯೋಗಾಲಯದಲ್ಲಿ ಒಡೆದ ಗಾಜು ಬಲು ಕಡಿಮೆ. ನಾನು ಹಾಜರಿ ಪುಸ್ತಕ ತೆಗೆದು ತಂದೆಯ ಮುಂದಿಟ್ಟೆ. ಅವರು ಒಂದೊಂದೇ ಹಾಳೆ ತಿರುವಿದರು. ಏನೂ ಹೇಳಲಿಲ್ಲ. ಹೊರಡುವಾಗ ಮಗನ ಬೆನ್ನ ಮೇಲೆ ಕೈ ಇಟ್ಟುಕೊಂಡು ಹೋದರು.

ಪಾಲಕರಲ್ಲಿ ನನ್ನ ವಿನಂತಿ ಇಷ್ಟೆ. ಮಗ ಎಷ್ಟನೆಯವನು, ಮಗಳು ಎಷ್ಟನೆಯವಳು ಎಂದು ಕೇಳಿ, ತಪ್ಪೇನಿಲ್ಲ. ಅದರ ಜೊತೆಗೆ, ಕೈಗೆ ಬಂದ ಕೆಲಸವನ್ನು ಅವರು ನಡುವೆ ಬಿಟ್ಟು ಹೋಗುವವರೋ, ನಿಂತು ಮುಗಿಸುವವರೋ ಎಂಬುದನ್ನೂ ಗಮನಿಸಿ. ಮೇಲಿನ ಮಹಡಿಯಲ್ಲಿ ಎಲ್ಲರಿಗೂ ಜಾಗವಿರುವುದಿಲ್ಲ. ಕೆಳಗಿನ ಮಹಡಿಗಳಲ್ಲೂ ಪ್ರತಿ ಶನಿವಾರ ಆಟ ನಡೆಯುತ್ತದೆ, ಅಲ್ಲಿಯೂ ಒಬ್ಬರು ಎಡಮೂಲೆಯನ್ನು ಕಾಯಬೇಕು.