ಮಲ್ಪೆಯ ದಡವೇರಿದ ದೋಣಿ

ಉಡುಪಿಗೆ ಹೋದವರು ಶ್ರೀಕೃಷ್ಣನ ದರ್ಶನ ಮುಗಿಸಿ, ಹೊತ್ತು ಉಳಿದರೆ ಮಲ್ಪೆಯ ಕಡಲನ್ನೂ ಕಂಡು ಬರುವುದು ವಾಡಿಕೆ. ಪಡುವಣಕ್ಕೆ ಸುಮಾರು ೬ ಕಿಲೋಮೀಟರಿನ ದಾರಿ. ಚಳಿಗಾಲದ ಪ್ರವಾಸಿಗೆ ಅಲ್ಲಿ ಸೇಂಟ್ ಮೇರೀಸ್ ದ್ವೀಪದ ಕಂಬಗಲ್ಲುಗಳು, ಬಂದರಿನ ಮೀನಿನ ರಾಶಿ, ಮಂಜುಗಡ್ಡೆ ಹೊತ್ತ ಲಾರಿಗಳ ಸಾಲು ಕಾಣುತ್ತವೆ. ಆದರೆ ಮಲ್ಪೆಯ ಕಸುಬಿನ ಒಳಗುಟ್ಟನ್ನು ಅರಿಯಬೇಕೆನ್ನುವವರು ಮಳೆಗಾಲದಲ್ಲಿಯೇ ಹೋಗಬೇಕು. ಜೂನ್ ೧ರಿಂದ ಜುಲೈ ೩೧ರವರೆಗೆ, ಒಟ್ಟು ೬೧ ದಿನ, ಯಾಂತ್ರಿಕ ಮೀನುಗಾರಿಕೆಗೆ ಇಲ್ಲಿ ನಿಷೇಧ. ನೂರಾರು ದೊಡ್ಡ ದೋಣಿಗಳು ಬಂದರಿನಲ್ಲಿ ಒಂದಕ್ಕೊಂದು ಒರಗಿಕೊಂಡು, ಕೆಲಸವಿಲ್ಲದ ಆನೆಗಳಂತೆ ತೂಗಾಡುತ್ತಿರುತ್ತವೆ.

ಚಿಕ್ಕ ಎಂಜಿನಿನ ನಾಡದೋಣಿಗಳ ಪಾಡು ಬೇರೆ. ಅವುಗಳಿಗೆ ಈ ನಿಷೇಧವಿಲ್ಲ. ತೂಫಾನು ಎದ್ದು, ಕಡಲು ಕಲಕಿ, ಮತ್ತೆ ತುಸು ಶಾಂತವಾದಾಗ ಸಿಗಡಿ, ಬಂಗುಡೆಗಳು ದಡದ ಸಮೀಪಕ್ಕೆ ಬರುತ್ತವೆ. ದೊಡ್ಡ ದೋಣಿಗಳ ಪೈಪೋಟಿಯಿಲ್ಲದ ಆ ಕೆಲವು ವಾರಗಳೇ ನಾಡದೋಣಿಯವರ ಸುಗ್ಗಿ. ಅಂಥ ಹೊತ್ತಿನಲ್ಲಿ ದೋಣಿ ಕೆಟ್ಟು ದಡದಲ್ಲಿ ಕುಳಿತರೆ, ಬಿತ್ತನೆಯ ಕಾಲಕ್ಕೆ ಎತ್ತು ಮಲಗಿದ ಹಾಗೆ.

ನಾಡದೋಣಿ ಎಂದೊಡನೆ ನಮ್ಮ ಕಣ್ಣೆದುರು ಬರುವುದು ಮರದ ದೋಣಿ. ಹಿಂದೆ ಮರವನ್ನು ತೋಡಿ, ಹಲಗೆಗಳನ್ನು ತೆಂಗಿನ ನಾರಿನ ಹುರಿಯಿಂದ ಹೊಲಿದು ಕಟ್ಟುತ್ತಿದ್ದುದುಂಟು. ಇಂದು ಅವುಗಳ ಸ್ಥಾನವನ್ನು ಬಹುಮಟ್ಟಿಗೆ ಫೈಬರ್ ದೋಣಿಗಳು ಆಕ್ರಮಿಸಿವೆ. ಗಾಜನ್ನು ಕರಗಿಸಿ ಕೂದಲಿಗಿಂತ ತೆಳ್ಳನೆಯ ಎಳೆಗಳನ್ನು ತೆಗೆದು, ಅವನ್ನು ಚಾಪೆಯಂತೆ ಹಾಸಿ, ಪಾಲಿಯೆಸ್ಟರ್ ರಾಳದಲ್ಲಿ ತೋಯಿಸಿ, ಅಚ್ಚಿನೊಳಗೆ ಪದರ ಪದರವಾಗಿ ಕೂಡಿಸಿದರೆ ದೋಣಿಯ ಒಡಲು ಸಿದ್ಧವಾಗುತ್ತದೆ. ೧೯೪೦ರ ದಶಕದಲ್ಲಿ ಅಮೆರಿಕದಲ್ಲಿ ತಲೆಯೆತ್ತಿದ ಈ ವಿದ್ಯೆ ಲೋಕದ ಕಡಲತೀರಗಳಿಗೆಲ್ಲ ಹಬ್ಬಿತು. ಮರವನ್ನು ಕೊರೆದು ತಿನ್ನುವ ಕಡಲಹುಳು ಇದನ್ನು ಮುಟ್ಟದು; ಸಂದುಗಳಿಲ್ಲವಾಗಿ ನೀರು ಸೋರದು. ‘ಫೈಬರಿಗೆ ಸಾವಿಲ್ಲ’ ಎಂಬ ಮಾತು ಹುಟ್ಟಿದುದು ಹೀಗೆ.

ಈ ಮಾತು ಅರ್ಧ ಸತ್ಯ. ಗಾಜು ಕೊಳೆಯುವುದಿಲ್ಲ, ನಿಜ. ಆದರೆ ಬರಿಯ ಗಾಜಿನ ತೆಳು ಹಾಳೆ ಕಾಲಿಟ್ಟಲ್ಲಿ ಬಾಗುತ್ತದೆ. ಅದಕ್ಕೆ ಬಿಗಿ ಬರಲೆಂದು ಡೆಕ್ಕಿನಲ್ಲಿಯೂ, ಎಂಜಿನನ್ನು ತೂಗುಹಾಕುವ ಹಿಂಬದಿಯ ಗೋಡೆಯಲ್ಲಿಯೂ ಎರಡು ಗಾಜಿನ ಪದರಗಳ ನಡುವೆ ಪ್ಲೈವುಡ್ ಹುದುಗಿಸುತ್ತಾರೆ. ತಳದ ಉದ್ದಕ್ಕೆ ಹಾಯುವ ಪಟ್ಟಿಗಳ ಗರ್ಭದಲ್ಲಿಯೂ ಮರವಿರುವುದುಂಟು. ಹಗ್ಗ ಕಟ್ಟುವ ಗೂಟಕ್ಕೋ ಎಂಜಿನಿಗೋ ಬೋಲ್ಟು ಹಾಕಲು ಕೊರೆದ ರಂಧ್ರವನ್ನು ಸರಿಯಾಗಿ ಮುಚ್ಚದಿದ್ದರೆ ಹನಿಹನಿಯಾಗಿ ನೀರು ಒಳಗಿಳಿಯುತ್ತದೆ, ಹೊರಬರಲು ದಾರಿಯಿಲ್ಲ. ಹೊರಗೆ ಬಣ್ಣ ಮಿರುಗುತ್ತಿರುವಾಗಲೇ ಒಳಗಿನ ಮರ ನೆನೆದ ಅವಲಕ್ಕಿಯಂತಾಗಿರುತ್ತದೆ.

ನಾನು ಕಂಡ ದೋಣಿ ಸುಮಾರು ೩೦ ಅಡಿ ಉದ್ದದ್ದು. ತೆಂಗಿನ ಮರಗಳ ನಡುವೆ ಟಾರ್ಪಾಲಿನ ಚಪ್ಪರದಡಿ ಮಲಗಿತ್ತು. ವೃದ್ಧ ಕುಶಲಕರ್ಮಿಯೊಬ್ಬರು ಪುಟ್ಟ ಸುತ್ತಿಗೆಯಿಂದ ಮುಂಬದಿಯ ಡೆಕ್ಕನ್ನು ಗೇಣುಗೇಣಾಗಿ ತಟ್ಟುತ್ತ ಬಂದರು. ಗಟ್ಟಿಯಾದೆಡೆ ‘ಟಣ್’ ಎಂಬ ನಾದ. ಕೊಳೆತೆಡೆ ‘ದಬ್’ ಎಂಬ ಸಪ್ಪೆ ಸದ್ದು. ಅವರು ಸೀಮೆಸುಣ್ಣದಿಂದ ಗೆರೆ ಎಳೆದರು. ಅಂಗೈಯಗಲವೆಂದುಕೊಂಡ ರೋಗ ಡೆಕ್ಕಿನ ಅರ್ಧವನ್ನು ಆವರಿಸಿತ್ತು.

ಒಡೆಯನ ಮುಖ ಬಾಡಿತು. “ಮೇಲಿಂದ ಎರಡು ಪದರ ಹಾಕಿ ಕೊಡಿ ಅಣ್ಣ. ತೂಫಾನು ಇಳಿಯುತ್ತಾ ಬಂತು, ನಾಲ್ಕು ದಿನದಲ್ಲಿ ಇಳಿಸಬೇಕು” ಎಂದು ಅವನು ಅಂಗಲಾಚಿದ.

“ನಾನು ನೀರನ್ನು ಒಳಗಿಟ್ಟು ಮುಚ್ಚುವವನಲ್ಲ” ಎಂದರು ವೃದ್ಧರು. ಅನಂತರ ನನ್ನತ್ತ ತಿರುಗಿ, “ನೋಡಿ ಮಾಷ್ಟ್ರೇ, ಅಳಿವೆಬಾಯಿಯಲ್ಲಿ ತೆರೆ ಎತ್ತಿ ಕುಕ್ಕಿದಾಗ ಈ ಡೆಕ್ಕು ಕುಸಿದರೆ ಮಗ್ಗುಲುಗಳು ಬಿಚ್ಚಿಕೊಳ್ಳುತ್ತವೆ. ದೋಣಿಯಲ್ಲಿ ಇರುವುದು ಇವನ ಮಗ” ಎಂದರು. ಕೊಂಚ ದೂರದಲ್ಲಿ ಬಲೆ ಬಿಡಿಸುತ್ತ ಕುಳಿತಿದ್ದ ಒಡೆಯನ ಮಡದಿ ತುಳುವಿನಲ್ಲಿ ಒಂದೇ ಮಾತು ಆಡಿದಳು. ಸಿಗಡಿ ಬರುವ ವರ್ಷವೂ ಬರುತ್ತದೆ ಎಂಬುದು ಅದರ ಭಾವ. ಚರ್ಚೆ ಅಲ್ಲಿಗೆ ಮುಗಿಯಿತು.

ಮೊದಲು ದೋಣಿಯ ಎರಡು ಮಗ್ಗುಲಿಗೂ ಮರದ ಊರೆಗಳನ್ನು ಕೊಟ್ಟರು. ಡೆಕ್ಕನ್ನು ಕೊಯ್ದೊಡನೆ ಒಡಲು ಅಗಲವಾಗಿ ಆಕಾರಗೆಡುವ ಭಯವುಂಟು. ಬಳಿಕ ಮೇಲಿನ ಗಾಜಿನ ಪದರವನ್ನು ಕೊಯ್ದೆತ್ತಿ, ಕಪ್ಪಾದ ಮರವನ್ನು ಉಳಿಯಿಂದ ಕೆರೆದು, ಒಣಗಿದ ಗಟ್ಟಿಮರ ಸಿಗುವವರೆಗೂ ಹೋದರು. ಹೊಸ ಪ್ಲೈವುಡ್ಡಿನ ಅಂಚುಗಳಿಗೆಲ್ಲ ರಾಳ ಕುಡಿಸಿ ಕೂರಿಸುವುದು ಮುಂದಿನ ಹೆಜ್ಜೆ. ಹಳೆಯ ಗಾಜಿನ ಅಂಚನ್ನು ಮಾತ್ರ ನೇರವಾಗಿ ಬಿಡುವುದಿಲ್ಲ. ದಪ್ಪದ ಸುಮಾರು ೧೨ ಪಾಲು ಅಗಲಕ್ಕೆ ಇಳಿಜಾರಾಗಿ ಉಜ್ಜುತ್ತಾರೆ. ಹಳತು ಹೊಸತುಗಳ ಬೆಸುಗೆಗೆ ಈ ಇಳಿಜಾರೇ ಆಧಾರ. ಉಜ್ಜುವಾಗ ಏಳುವ ಗಾಜಿನ ಧೂಳು ಮೈಗೆ ತಾಗಿದರೆ ತುರಿಕೆ, ಎದೆಗಿಳಿದರೆ ಕೇಡು. ಮೂಗು ಬಾಯಿಗೆ ಮುಸುಕು ಅತ್ಯಗತ್ಯ.

ರಾಳದ ಕೆಲಸ ಅಡುಗೆಮನೆಯ ಪಾಕದಂತೆ ಸೂಕ್ಷ್ಮವಾದುದು. ೧೦೦ ಪಾಲು ರಾಳಕ್ಕೆ ಒಂದೆರಡು ಪಾಲು ಗಟ್ಟಿಕಾರಕ ದ್ರವ ಬಿದ್ದೊಡನೆ ಅದು ಬಿಸಿಯಾಗತೊಡಗಿ, ಅರ್ಧ ಗಂಟೆಯೊಳಗೆ ಬಿಗಿಯುತ್ತದೆ. ಅಷ್ಟರಲ್ಲಿ ಚಾಪೆಯನ್ನು ತೋಯಿಸಿ, ಉರುಳೆಯಿಂದ ಒತ್ತಿ, ಗಾಳಿಯ ಗುಳ್ಳೆಗಳನ್ನೆಲ್ಲ ಹೊರದೂಡಬೇಕು. ತೇವ ಇದರ ಪರಮ ವೈರಿ. ಒದ್ದೆಯ ಮೇಲೆ ಹಾಸಿದ ಪದರ ಹಿಡಿಯುವುದಿಲ್ಲ. ದೋಣಿ ದಡಕ್ಕೆ ಬರುವುದು ಮಳೆಯಲ್ಲಿ. ದುರಸ್ತಿ ಬೇಡುವುದು ಬಿಸಿಲನ್ನು! ಒಂದು ಹೊಳವಿಗಾಗಿ ಮೂರು ದಿನ ಬೀಡಿ ಸೇದುತ್ತ ಕಾಯುವುದೂ ಈ ಕಸುಬಿನ ಒಂದು ಭಾಗವೇ.

ಹೊಸ ಬೋಲ್ಟಿನ ರಂಧ್ರಗಳನ್ನು ಅವರು ಬೇಕಾದುದಕ್ಕಿಂತ ದೊಡ್ಡದಾಗಿ ಕೊರೆದು, ರಾಳ ತುಂಬಿ, ಅದು ಗಟ್ಟಿಯಾದ ಮೇಲೆ ನಡುವೆ ಮತ್ತೆ ಕೊರೆಯುತ್ತಾರೆ. ಇನ್ನು ನೀರು ಬಂದರೂ ಮರವನ್ನು ಮುಟ್ಟದು. ಹಿಂದೆ ಈ ಅಲ್ಪ ಶ್ರಮವನ್ನು ಉಳಿಸಿದುದರ ಫಲವೇ ಇಂದಿನ ಮಹಾಶ್ರಮ.

ಸತ್ತ ಮರದ ದೋಣಿ ಒಲೆಗಾದರೂ ಆಗುತ್ತದೆ, ಮಣ್ಣಿಗಾದರೂ ಸೇರುತ್ತದೆ. ಒಮ್ಮೆ ಗಟ್ಟಿಯಾದ ಈ ರಾಳವನ್ನು ಮತ್ತೆ ಕರಗಿಸಿ ಎರಕ ಹೊಯ್ಯಲಾಗದು; ಎಸೆದ ದೋಣಿ ಎಸೆದಲ್ಲಿಯೇ ಬಿದ್ದಿರುತ್ತದೆ. ಆದುದರಿಂದ ಹಳೆಯದನ್ನು ಬಾಳಿಸುವ ಇಂಥ ಕೈಗಳಿಗೆ ಕಡಲತೀರ ಋಣಿ. ಶ್ರಾವಣದ ಹುಣ್ಣಿಮೆಗೆ ಮೊಗವೀರರು ಸಮುದ್ರಪೂಜೆ ಮಾಡಿ ಹಾಲು, ತೆಂಗಿನಕಾಯಿ ಅರ್ಪಿಸುತ್ತಾರೆ. ಓದುಗರು ಆ ಹೊತ್ತಿಗೆ ಮಲ್ಪೆಗೆ ಹೋದರೆ, ತೆರೆಯ ಮೇಲೆ ಜಿಗಿಯುವ ದೋಣಿಗಳ ಬಣ್ಣವನ್ನಷ್ಟೇ ನೋಡಿ ಹಿಂದಿರುಗಬಾರದು. ಆ ಬಣ್ಣದ ಕೆಳಗೆ ಒಣಗಿದ ಮರವಿದೆಯೇ ಎಂದು ತಟ್ಟಿ ನೋಡಿದ ಸುತ್ತಿಗೆಯನ್ನೂ ನೆನೆಯಬೇಕು.